ಭೂಮಿ ನಡುಗಿದಾಗ ಇಂಧನ ಟ್ಯಾಂಕಿನ ನೆರೆಯ ಊರು ಏನು ಮಾಡಬೇಕು: ಸಿದ್ಧತೆಯ ಸಮಗ್ರ ಮಾರ್ಗದರ್ಶಿ

ಭೂಕಂಪಕ್ಕೆಂದು ತಮ್ಮ ಊರಿನವರು ಮಾಡಿಕೊಂಡ ಯೋಜನೆಯನ್ನು ತಂದು ತೋರಿಸಿ, "ಎಲ್ಲಿ ತಪ್ಪೈತಿ ನೋಡ್ರಿ" ಎಂದು ಕೇಳುವವರ ಕಾಗದಗಳಲ್ಲಿ ನನಗೆ ಮತ್ತೆ ಮತ್ತೆ ಕಾಣುವ ತಪ್ಪು ಒಂದೇ. ನೆಲ ನಡುಗಿದ ಕೂಡಲೇ ಎಲ್ಲರೂ ಶಾಲೆಯ ಮೈದಾನಕ್ಕೆ ಬಂದು ಸೇರಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಬರಿಯ ಭೂಕಂಪಕ್ಕೆ ಅದು ಸರಿ. ಆದರೆ ಊರಿನ ಪಕ್ಕದಲ್ಲಿ ಡೀಸೆಲ್, ಪೆಟ್ರೋಲ್, ಎಥೆನಾಲ್ ಅಥವಾ ಎಲ್‌ಪಿಜಿ ತುಂಬಿದ ದೊಡ್ಡ ಟ್ಯಾಂಕುಗಳಿದ್ದು, ಆ ಹೊತ್ತಿನ ಗಾಳಿ ಟ್ಯಾಂಕಿನ ಕಡೆಯಿಂದ ಮೈದಾನದ ಕಡೆಗೆ ಬೀಸುತ್ತಿದ್ದರೆ, ಇಡೀ ಊರನ್ನು ನಾವೇ ಕರೆದೊಯ್ದು ಸೋರಿದ ಇಂಧನದ ಆವಿಯ ದಾರಿಯಲ್ಲಿ ನಿಲ್ಲಿಸಿದಂತಾಗುತ್ತದೆ.

ನಮ್ಮ ಕಲಬುರಗಿ ಭಾಗದ ಜನರಿಗೆ ಮನೆಯಿಂದ ಹೊರಗೆ ಬರುವುದನ್ನು ಯಾರೂ ಕಲಿಸಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, 3 ಗಂಟೆ 56 ನಿಮಿಷಕ್ಕೆ, ಆಳಂದದ ಆಚೆಗಿನ ಕಿಲ್ಲಾರಿಯಲ್ಲಿ ಮಣ್ಣಿನ ಮಾಳಿಗೆಗಳು ಮಲಗಿದ್ದವರ ಮೇಲೆ ಕುಸಿದ ನೆನಪು ಇನ್ನೂ ಇದೆ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ 4.1ರ ತೀವ್ರತೆಯ ಕಂಪನವಾದಾಗ ಜನ ರಾತ್ರಿಗಳನ್ನು ಮನೆಯ ಹೊರಗೆ ಕಳೆದರು. ಹೊರಗೆ ಬಂದ ಮೇಲೆ ಯಾವ ದಿಕ್ಕಿಗೆ ಹೋಗಬೇಕು, ಏನನ್ನು ಹೊತ್ತಿಸಬಾರದು, ಎಷ್ಟು ದೂರ ನಿಲ್ಲಬೇಕು ಎಂಬುದೇ ಟ್ಯಾಂಕಿನ ಪಕ್ಕದ ಊರಿನವರಿಗೆ ತಪ್ಪುವ ಭಾಗ. ಈ ಬರಹವಿರುವುದು ಅದಕ್ಕಾಗಿ. ಹಂತಗಳ ಕ್ರಮವನ್ನು ಬದಲಿಸಬೇಡಿ. ಎರಡನೆಯ ಮತ್ತು ಮೂರನೆಯ ಹಂತ ಮುಗಿಯದೆ ನಾಲ್ಕನೆಯದನ್ನು ಮಾಡಿದವರೇ ಶಾಲೆಯ ಮೈದಾನಕ್ಕೆ ಬಂದು ನಿಲ್ಲುತ್ತಾರೆ.

ಮೊದಲು ಕೂಡಿಸಿಕೊಳ್ಳಬೇಕಾದ ಸಾಮಾನು

ಗ್ರಾಮ ಪಂಚಾಯಿತಿಯಲ್ಲಿ ಸಿಗುವ ಊರಿನ ನಕ್ಷೆಯ ದೊಡ್ಡ ಪ್ರತಿ, ನಾಲ್ಕು ಬಣ್ಣದ ಪೆನ್ನು, ಒಂದು ಗಟ್ಟಿ ರಟ್ಟಿನ ನೋಟ್‌ಬುಕ್, ಹಳೆಯ ತೆಳು ಸೀರೆಯಿಂದ ಹರಿದ ಮೊಳದುದ್ದದ ಪಟ್ಟಿಗಳು, ಅವನ್ನು ಕಟ್ಟಲು ಎತ್ತರದ ಬಿದಿರಿನ ಗಳಗಳು, ಬಾಯಿಂದ ಊದುವ ಸೀಟಿಗಳು, ಕೈಯಿಂದ ತಿರುಗಿಸುವ ಸೈರನ್ ಒಂದು, ಮತ್ತು ಕೈಯಲ್ಲಿ ಹಿಡಿಯುವ ಬ್ಯಾಟರಿ ದೀಪಗಳು. ಸೈರನ್ನಿಗೆ ದುಡ್ಡು ಹೊಂದದಿದ್ದರೆ ಬಾರಿಸುವ ಚರ್ಮದ ಹಲಗೆ ಸಾಕು. ವಿದ್ಯುತ್ತನ್ನು ನಂಬಿದ ಯಾವ ಸಾಮಾನನ್ನೂ ಮುಖ್ಯವಾಗಿ ಇಟ್ಟುಕೊಳ್ಳಬೇಡಿ, ಏಕೆಂದರೆ ಕಂಪನವಾದ ಕೂಡಲೇ ಹೋಗುವುದು ಕರೆಂಟು.

ಹಂತ 1: ಟ್ಯಾಂಕಿನಲ್ಲಿ ಏನಿದೆ ಎಂಬುದನ್ನು ಬರಹದಲ್ಲಿ ಪಡೆಯಿರಿ

"ಇದರಿಂದ ನಮಗೆ ಅಪಾಯ ಇದೆಯೇ?" ಎಂದು ಕೇಳಿದರೆ "ಎಲ್ಲ ಸುರಕ್ಷಿತವಾಗಿದೆ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಕೇಳಬೇಕಾದ್ದು ಇವು: ಯಾವ ಯಾವ ಇಂಧನ ಸಂಗ್ರಹವಾಗಿದೆ, ಗರಿಷ್ಠ ಎಷ್ಟು, ಟ್ಯಾಂಕುಗಳ ಸುತ್ತಲಿನ ತಡೆಗೋಡೆಯು ಅತಿ ದೊಡ್ಡ ಟ್ಯಾಂಕಿನ ಪೂರ್ತಿ ಎಣ್ಣೆಯನ್ನು ಹಿಡಿಯಬಲ್ಲುದೇ, ಆ ಗೋಡೆಯಿಂದ ಮಳೆನೀರು ಬಿಡುವ ವಾಲ್ವ್ ಮುಚ್ಚಿದೆಯೆಂದು ದಿನವೂ ಯಾರು ನೋಡುತ್ತಾರೆ, ಹೊರಗಿನ ಜನರಿಗೆ ಕೊಡುವ ಸೈರನ್ ಯಾವ ಬಗೆಯದು. ಆ ವಾಲ್ವಿನ ಪ್ರಶ್ನೆಯನ್ನು ಬಿಡಬೇಡಿ. ಗೋಡೆ ಎಷ್ಟೇ ಗಟ್ಟಿಯಾಗಿದ್ದರೂ ವಾಲ್ವ್ ತೆರೆದಿದ್ದರೆ ಎಣ್ಣೆಯು ಮಳೆನೀರಿನ ಕಾಲುವೆ ಹಿಡಿದು ಊರಿನ ಹಳ್ಳಕ್ಕೆ ಬರುತ್ತದೆ.

ಕೇಳುವ ಹಕ್ಕು ಕಾನೂನಿನಲ್ಲಿಯೇ ಇದೆ. ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹಣೆ ಮತ್ತು ಆಮದು ಕುರಿತ 1989ರ ನಿಯಮಗಳ 15ನೆಯ ನಿಯಮವು, ಅವಘಡವಾದರೆ ತೊಂದರೆಗೆ ಒಳಗಾಗಬಹುದಾದ ಹೊರಗಿನ ಜನರಿಗೆ ಅಪಾಯದ ಸ್ವರೂಪವನ್ನೂ, ಮಾಡಬೇಕಾದ ಮತ್ತು ಮಾಡಬಾರದ ಸಂಗತಿಗಳನ್ನೂ ತಿಳಿಸುವ ಹೊಣೆಯನ್ನು ಕಾರ್ಖಾನೆಯ ಮೇಲೆ ಹಾಕುತ್ತದೆ. 1948ರ ಕಾರ್ಖಾನೆಗಳ ಕಾಯ್ದೆಯ 41ಬಿ ಕಲಮು 2025ರವರೆಗೆ ಹೇಳುತ್ತಿದ್ದದ್ದೂ ಇದನ್ನೇ. ಈ ನಿಯಮಗಳು ನಿಗದಿತ ಪ್ರಮಾಣಕ್ಕಿಂತ ಹೆಚ್ಚಿನ ಸಂಗ್ರಹಕ್ಕೆ ಅನ್ವಯಿಸುತ್ತವೆ; ರಸ್ತೆ ಬದಿಯ ಪೆಟ್ರೋಲ್ ಬಂಕಿಗೆ ಇವನ್ನು ಹಿಡಿದು ಹೋಗಬೇಡಿ.

ಪತ್ರ ಮೊದಲು ಕಾರ್ಖಾನೆಗೆ ಹೋಗಲಿ, ಒಂದು ಪ್ರತಿ ತಹಶೀಲ್ದಾರರಿಗೆ. ಉತ್ತರ ಬರದಿದ್ದರೆ ಕಾರ್ಖಾನೆಗಳ ಇಲಾಖೆಗೂ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರಾದ ಜಿಲ್ಲಾಧಿಕಾರಿಗಳ ಕಚೇರಿಗೂ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಕಾರ್ಖಾನೆಯ ಹೊರ ಪ್ರದೇಶದ ತುರ್ತು ಯೋಜನೆಯ ಪ್ರತಿಯನ್ನು ಕೇಳಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ ಸಾಮಾನ್ಯವಾಗಿ 150 ಪದಗಳ ಒಳಗೆ ಇರಬೇಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಊರಿನ ಎಲ್ಲ ಸಂಕಟಗಳನ್ನೂ ಒಂದೇ ಅರ್ಜಿಯಲ್ಲಿ ತುಂಬಿ ತಿರಸ್ಕಾರ ಮಾಡಿಸಿಕೊಂಡವರನ್ನು ಸಾಕಷ್ಟು ಕಂಡಿದ್ದೇನೆ.

ಉತ್ತರ ಬರುವವರೆಗೆ ಕೈ ಕಟ್ಟಿ ಕೂಡಬೇಕಾಗಿಲ್ಲ. ಕಾರ್ಖಾನೆಯ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಒಂದು ದಿನ ಕುಳಿತರೆ ಒಳಗೆ ಹೋಗುವ ಟ್ಯಾಂಕರುಗಳೇ ಉತ್ತರ ಹೇಳುತ್ತವೆ. ಪ್ರತಿ ಟ್ಯಾಂಕರಿನ ಮೇಲೂ ಅಪಾಯ ಸೂಚಿಸುವ ಫಲಕವೊಂದರಲ್ಲಿ ನಾಲ್ಕು ಅಂಕಿಯ ಸಂಖ್ಯೆ ಇರುತ್ತದೆ: 1202 ಎಂದರೆ ಡೀಸೆಲ್, 1203 ಪೆಟ್ರೋಲ್, 1075 ಎಲ್‌ಪಿಜಿ, 1170 ಎಥೆನಾಲ್, 1230 ಮೆಥನಾಲ್. ಸೇಡಂ ಕಡೆಯ ಒಬ್ಬ ಚಹಾದಂಗಡಿಯವರು ಮಗಳ ಹಳೆಯ ಲೆಕ್ಕದ ವಹಿಯ ಕೊನೆಯ ಪುಟದಲ್ಲಿ ಸಂಖ್ಯೆಗಳನ್ನು ಬರೆದು, ಪ್ರತಿಯೊಂದರ ಮುಂದೆ ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕುತ್ತಾ ಹದಿನೈದು ದಿನ ಲೆಕ್ಕ ಇಟ್ಟಿದ್ದರು. ಆ ಪುಟದಲ್ಲಿ ಎಣ್ಣೆಯ ಕಲೆಯೂ ಇತ್ತು, ಆದರೆ ಊರಿನ ಯೋಜನೆಗೆ ಅದಕ್ಕಿಂತ ಒಳ್ಳೆಯ ಆಧಾರ ಇನ್ನೊಂದು ಇರಲಿಲ್ಲ.

ಯಾವ ಇಂಧನ ಎಂಬುದು ಯಾಕೆ ಮುಖ್ಯ ಎಂದರೆ, ಅವು ಕೆಡುವ ಬಗೆ ಬೇರೆ ಬೇರೆ. ಡೀಸೆಲ್ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಪೆಟ್ರೋಲ್ ಚಳಿಗಾಲದ ರಾತ್ರಿಯಲ್ಲಿಯೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಎಲ್‌ಪಿಜಿ ದ್ರವವಾಗಿ ಸೋರಿದರೆ ಒಂದು ಲೀಟರಿನಿಂದ ಸುಮಾರು 250 ಲೀಟರ್ ಅನಿಲವಾಗುತ್ತದೆ. ಎಥೆನಾಲಿನ ಉರಿ ಹಗಲಿನ ಬಿಸಿಲಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿ ಇರುವ ಊರಿನವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಔಷಧ ಕಾರ್ಖಾನೆಗಳಿರುವ ಕೈಗಾರಿಕಾ ಪ್ರದೇಶಗಳ ಪಕ್ಕದಲ್ಲಿದ್ದರೆ ಇಂಧನದ ಜೊತೆ ದ್ರಾವಕಗಳನ್ನೂ ಕೇಳಿರಿ, ಏಕೆಂದರೆ ಅವುಗಳಲ್ಲಿ ಹಲವು ಪೆಟ್ರೋಲಿನ ಹಾಗೆಯೇ ಉರಿಯುತ್ತವೆ.

ಹಂತ 2: ಕಂಪನಕ್ಕೆ ಮೊದಲು ಕೆಡುವುದು ಯಾವುದು ಎಂದು ತಿಳಿಯಿರಿ

ಟ್ಯಾಂಕು ಬುಡಸಹಿತ ಉರುಳುತ್ತದೆ ಎಂದು ಕಲ್ಪಿಸಿಕೊಂಡು ಹೆದರುವವರು, ನಿಜವಾಗಿ ಕೆಡುವ ಜಾಗವನ್ನು ಮರೆಯುತ್ತಾರೆ. ಭಾರವಾದ ಟ್ಯಾಂಕು ಒಂದು ರೀತಿ ಅಲುಗುತ್ತದೆ, ಅದಕ್ಕೆ ಜೋಡಿಸಿದ ಪೈಪು ಇನ್ನೊಂದು ರೀತಿ. ಆದ್ದರಿಂದ ಮೊದಲು ಬಿಡುವುದು ಪೈಪಿನ ಜೋಡಣೆ, ವಾಲ್ವ್, ಟ್ಯಾಂಕರಿಗೆ ಎಣ್ಣೆ ತುಂಬುವ ಮೆದುಗೊಳವೆ. ನಮ್ಮ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಹೂತ ಪೈಪುಗಳು ಕಂಪನವಿಲ್ಲದೆಯೂ ವರ್ಷವರ್ಷ ಎಳೆದಾಟ ತಿನ್ನುತ್ತಿರುತ್ತವೆ.

ಬೇರೆ ಕಡೆಯ ಮೂರು ಸಂಗತಿಗಳು ನಮ್ಮ ಯೋಜನೆಗೆ ನೇರವಾಗಿ ಸಂಬಂಧಿಸಿದವು. 2003ರ ಸೆಪ್ಟೆಂಬರಿನಲ್ಲಿ ಜಪಾನಿನ ತೊಮಕೊಮೈ ಎಂಬಲ್ಲಿ, ಕಂಪನದ ಕೇಂದ್ರದಿಂದ 200 ಕಿಲೋಮೀಟರಿಗೂ ದೂರವಿದ್ದ ತೈಲಾಗಾರದಲ್ಲಿ, ಕೊಡದಲ್ಲಿನ ನೀರು ತುಳುಕಿದ ಹಾಗೆ ಎಣ್ಣೆ ತುಳುಕಿ ಟ್ಯಾಂಕುಗಳಿಗೆ ಬೆಂಕಿ ಬಿತ್ತು. ಅಂದರೆ ಊರಿನಲ್ಲಿ ಗೋಡೆ ಬಿರಿಯದಿದ್ದರೂ ಟ್ಯಾಂಕಿನ ಕಡೆ ಒಮ್ಮೆ ನೋಡಲೇಬೇಕು. 1999ರ ಆಗಸ್ಟಿನಲ್ಲಿ ಟರ್ಕಿಯ ಇಜ್ಮಿತ್ ತೈಲಾಗಾರಕ್ಕೆ ಬೆಂಕಿ ಬಿದ್ದಾಗ ಅಲ್ಲಿನ ನೀರಿನ ಸರಬರಾಜೂ ಅದೇ ಕಂಪನದಲ್ಲಿ ಹಾಳಾಗಿತ್ತು. ಆದ್ದರಿಂದ ಬೆಂಕಿ ಬೇಗ ಆರುತ್ತದೆ ಎಂದು ಲೆಕ್ಕ ಹಾಕಬಾರದು. 2011ರ ಮಾರ್ಚ್ 11ರಂದು ಜಪಾನಿನ ಚಿಬಾದಲ್ಲಿ ಗೋಳಾಕಾರದ ಎಲ್‌ಪಿಜಿ ಟ್ಯಾಂಕೊಂದರ ಆಧಾರದ ಕಂಬಿಗಳು ಮೊದಲ ಕಂಪನಕ್ಕೆ ಬಿರಿದವು, ಗೋಳ ಬಿದ್ದದ್ದು ನಂತರ ಬಂದ ಕಂಪನಕ್ಕೆ. ಆ ಗೋಳದಲ್ಲಿ ಪರೀಕ್ಷೆಗೆಂದು ತುಂಬಿದ್ದ ನೀರಿತ್ತು, ಆದರೆ ಬೀಳುವಾಗ ಅದು ಪಕ್ಕದ ಅನಿಲದ ಪೈಪುಗಳನ್ನು ಮುರಿಯಿತು. ಮೊದಲ ನಡುಕ ನಿಂತ ಕೂಡಲೇ "ಮುಗೀತು" ಎಂದು ಮನೆಗೆ ಮರಳುವವರಿಗೆ ನಾನು ಹೇಳುವ ಉದಾಹರಣೆ ಇದು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಕಡೆಯವರಿಗೆ ಇನ್ನೊಂದು ತೊಡಕಿದೆ. ಸುಣ್ಣದಕಲ್ಲಿನ ಗಣಿಗಳ ಸಿಡಿತಕ್ಕೆ ಪಾತ್ರೆ ಅಲುಗುವುದು ಅವರಿಗೆ ರೂಢಿಯಾಗಿ ಹೋಗಿದೆ, ಹಾಗಾಗಿ ನಿಜವಾದ ಕಂಪನವನ್ನೂ "ಗಣಿಯವರು ಹೊಡೆದರು" ಎಂದು ಬಿಟ್ಟುಬಿಡುತ್ತಾರೆ. ಗಣಿಯ ಸಿಡಿತಕ್ಕೆ ಗೊತ್ತಾದ ಹೊತ್ತು ಇರುತ್ತದೆ, ಮೊದಲು ಸೈರನ್ ಇರುತ್ತದೆ, ಒಂದೆರಡು ಕ್ಷಣದಲ್ಲಿ ಮುಗಿಯುತ್ತದೆ. ರಾತ್ರಿ ಬಂದದ್ದು, ಸೈರನ್ ಇಲ್ಲದೆ ಬಂದದ್ದು, ತೂಗುಹಾಕಿದ ಸಾಮಾನು ತೂಗಾಡುತ್ತಲೇ ಇರುವಂಥದ್ದು ಗಣಿಯದಲ್ಲ ಎಂದೇ ತಿಳಿಯಿರಿ.

ಹಂತ 3: ನೆಲದ ಇಳಿಜಾರು ಮತ್ತು ಗಾಳಿಯ ನಕ್ಷೆ ಬರೆಯಿರಿ

ಪೆಟ್ರೋಲಿನ ಆವಿಯೂ ಎಲ್‌ಪಿಜಿಯೂ ಗಾಳಿಗಿಂತ ಭಾರ. ಹೊಗೆಯ ಹಾಗೆ ಮೇಲಕ್ಕೆ ಹೋಗದೆ ನೆಲ ಹಿಡಿದು ಹರಿಯುತ್ತವೆ. ಗಾಳಿ ಬಿದ್ದುಹೋದ ರಾತ್ರಿಯಲ್ಲಿ ಅವುಗಳ ದಾರಿ ಸರಿಸುಮಾರು ಮಳೆನೀರಿನ ದಾರಿಯೇ. ಹಳ್ಳ, ಚರಂಡಿ, ರಸ್ತೆಯ ಕೆಳಗಿನ ಮೋರಿ, ಪಾಳು ಬಾವಿ, ಕಾಳು ತುಂಬುವ ನೆಲದೊಳಗಿನ ಹಗೇವು, ರೈಲು ಹಳಿಯ ಕೆಳಸೇತುವೆ, ಇವೆಲ್ಲ ಆವಿ ತುಂಬಿಕೊಳ್ಳುವ ಜಾಗಗಳು. ಜೋರು ಮಳೆಯ ದಿನ ಛತ್ರಿ ಹಿಡಿದು ಟ್ಯಾಂಕಿನ ಕಾಂಪೌಂಡಿನಿಂದ ಊರಿನವರೆಗೆ ನೀರಿನ ಜೊತೆ ನಡೆಯಿರಿ, ನಡೆದದ್ದನ್ನು ನೀಲಿ ಬಣ್ಣದಲ್ಲಿ ನಕ್ಷೆಯ ಮೇಲೆ ಎಳೆಯಿರಿ. ಈ ಒಂದು ಕೆಲಸವನ್ನು ಬೇಸಿಗೆಯಲ್ಲಿ ಕುಳಿತು ಅಂದಾಜಿನಲ್ಲಿ ಮಾಡಬೇಡಿ.

ಗಾಳಿಗಾಗಿ, ಸೀರೆಯ ಪಟ್ಟಿ ಕಟ್ಟಿದ ಗಳಗಳನ್ನು ಊರಿನ ಅಗಸಿಯ ಬಳಿ, ನೀರಿನ ಟ್ಯಾಂಕಿನ ಮೇಲೆ, ತಾಂಡಾದ ಎತ್ತರದ ಮನೆಯ ಮೇಲೆ ನಿಲ್ಲಿಸಿ. ದಪ್ಪ ಬಟ್ಟೆ ಸಣ್ಣ ಗಾಳಿಗೆ ಏಳುವುದಿಲ್ಲ. ಮುಂಗಾರಿನಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ನೈರುತ್ಯದಿಂದ, ಚಳಿಗಾಲದಲ್ಲಿ ಪೂರ್ವ ಮತ್ತು ಈಶಾನ್ಯದಿಂದ ಬೀಸುತ್ತದೆ. ಅಂದರೆ ಜುಲೈಯಲ್ಲಿ ಸುರಕ್ಷಿತವಾಗಿದ್ದ ಜಾಗ ಡಿಸೆಂಬರಿನಲ್ಲಿ ಆವಿಯ ದಾರಿಯಾಗಬಹುದು. ಬೆಳಿಗ್ಗೆ, ಸಂಜೆ, ಮಲಗುವ ಮುನ್ನ ಪಟ್ಟಿ ಯಾವ ಕಡೆ ಹಾರುತ್ತಿದೆ ಎಂದು ಒಂದು ತಿಂಗಳು ಬರೆದಿಡಿ.

ಕೊನೆಗೆ ದೂರ. ಅಗ್ನಿಶಾಮಕ ದಳದವರು ಬಳಸುವ ತುರ್ತು ಕೈಪಿಡಿಗಳ ಲೆಕ್ಕ ಹೀಗಿದೆ: ಪೆಟ್ರೋಲ್ ದೊಡ್ಡ ಪ್ರಮಾಣದಲ್ಲಿ ಚೆಲ್ಲಿದ್ದರೆ ಗಾಳಿ ಹೋಗುವ ಕಡೆ ಕನಿಷ್ಠ 300 ಮೀಟರ್ ತೆರವು, ಟ್ಯಾಂಕರಿಗೆ ಬೆಂಕಿ ಹತ್ತಿದ್ದರೆ ಎಲ್ಲ ದಿಕ್ಕಿಗೂ 800 ಮೀಟರ್. ಎಲ್‌ಪಿಜಿ ದೊಡ್ಡ ಸೋರಿಕೆಗೆ ಗಾಳಿ ಹೋಗುವ ಕಡೆ 800 ಮೀಟರ್, ಬೆಂಕಿ ಹತ್ತಿದರೆ ಎಲ್ಲ ದಿಕ್ಕಿಗೂ 1,600 ಮೀಟರ್. ಇವು ಒಂದು ಟ್ಯಾಂಕರಿನ ಲೆಕ್ಕ. ಸಾಲು ಟ್ಯಾಂಕುಗಳಿರುವ ಕಡೆ ಇದಕ್ಕಿಂತ ಕಡಿಮೆಗೆ ಒಪ್ಪಬೇಡಿ. ಮೂರು ಗೆರೆಗಳನ್ನು ನಕ್ಷೆಯ ಮೇಲೆ ಕೆಂಪಿನಲ್ಲಿ ಎಳೆದು, ಯಾವ ಓಣಿ ಯಾವ ಗೆರೆಯ ಒಳಗೆ ಬರುತ್ತದೆ ಎಂದು ಬರೆಯಿರಿ.

ಹಂತ 4: ಸೇರುವ ಜಾಗ ಒಂದಲ್ಲ, ಎರಡು

ಎಲ್ಲ ಯೋಜನೆಗಳೂ ಮುರಿಯುವುದು ಇಲ್ಲಿಯೇ ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ. ಟ್ಯಾಂಕಿನಿಂದ ಊರಿನ ಕಡೆಗೆ ಒಂದು ಗೆರೆ ಎಳೆಯಿರಿ. ಆ ಗೆರೆಯ ಒಂದು ಬದಿಗೆ ಒಂದು ಜಾಗ, ಇನ್ನೊಂದು ಬದಿಗೆ ಒಂದು ಜಾಗ ಆರಿಸಬೇಕು. ಅಪಾಯದ ಹೊತ್ತಿನಲ್ಲಿ ಗಾಳಿಗೆ ಅಡ್ಡವಾಗಿ ನಡೆದು ಆವಿಯ ಪಟ್ಟಿಯಿಂದ ಹೊರಬೀಳುವುದೇ ಎಲ್ಲಕ್ಕಿಂತ ಚಿಕ್ಕ ದಾರಿ. ಆವಿಯನ್ನು ಬೆನ್ನಿಗೆ ಹಾಕಿಕೊಂಡು ಅದು ಹೋಗುವ ದಿಕ್ಕಿಗೇ ಓಡುವವನನ್ನು ಅದು ಹಿಂಬಾಲಿಸುತ್ತಲೇ ಇರುತ್ತದೆ.

ಪ್ರತಿ ಜಾಗಕ್ಕೂ ಈ ಪರೀಕ್ಷೆಗಳು: ನಿಮ್ಮ ಇಂಧನಕ್ಕೆ ಹೇಳಿದ ದೊಡ್ಡ ಗೆರೆಯ ಹೊರಗಿರಬೇಕು. ಸುತ್ತಲಿನ ನೆಲಕ್ಕಿಂತ ಎತ್ತರದಲ್ಲಿರಬೇಕು. ಎಷ್ಟೋ ಊರುಗಳಲ್ಲಿ ಮೈದಾನ ಮಾಡಲು ಸಿಕ್ಕ ಸಮತಟ್ಟು ಜಾಗ ತಗ್ಗಿನಲ್ಲಿಯೇ ಇರುತ್ತದೆ. ವಿದ್ಯುತ್ ತಂತಿ, ಹಳೆಯ ಕಲ್ಲಿನ ಗೋಡೆ, ಶಹಾಬಾದಿ ಫರಸಿಯನ್ನು ನಿಲ್ಲಿಸಿ ಕಟ್ಟಿದ ಕಾಂಪೌಂಡು ಹತ್ತಿರ ಇರಬಾರದು, ಏಕೆಂದರೆ ನಂತರದ ಕಂಪನಕ್ಕೆ ಆ ಫರಸಿಗಳು ಇಸ್ಪೀಟು ಎಲೆಯ ಹಾಗೆ ಬೀಳುತ್ತವೆ. ತೊಗರಿ ಕಟ್ಟಿಗೆಯ, ಜೋಳದ ಕಣಿಕೆಯ ಬಣವೆಗಳ ಪಕ್ಕದಲ್ಲಿ ಇರಬಾರದು. ರಾಶಿಯ ದಿನಗಳಲ್ಲಿ ಊರಿನ ಹೊರಗಿನ ಬಯಲೆಲ್ಲ ಒಣ ಉರುವಲೇ ಆಗಿರುತ್ತದೆ.

ರೈಲು ಹಳಿಯನ್ನು ಮರೆಯಬೇಡಿ. ಸಿಮೆಂಟ್ ಗೂಡ್ಸ್ ಗಾಡಿಗಳು ಓಡಾಡುವ ಮಾರ್ಗದಲ್ಲಿ ಗೇಟು ಮುಚ್ಚಿದರೆ ಇಪ್ಪತ್ತು ನಿಮಿಷ ನಿಂತ ಅನುಭವ ನಿಮಗೂ ಇದೆ. ಎರಡೂ ಜಾಗಗಳು ಹಳಿಯ ಆಚೆಗಿದ್ದರೆ ಯೋಜನೆ ಇಲ್ಲದಂತೆಯೇ. ಮಳೆಗಾಲದಲ್ಲಿ ಕಾಗಿಣಾ, ಮುಲ್ಲಾಮಾರಿ ಅಥವಾ ಊರಿನ ಹಳ್ಳ ತುಂಬಿದಾಗ ಆ ದಾರಿ ಇರುತ್ತದೆಯೇ ಎಂಬುದನ್ನೂ ನೋಡಿ.

ಎರಡು ಜಾಗ ಇದ್ದರೆ ಜನ ಗೊಂದಲಕ್ಕೆ ಬೀಳುತ್ತಾರೆ ಎಂದು ಪ್ರತಿ ಸಭೆಯಲ್ಲಿಯೂ ಯಾರಾದರೊಬ್ಬರು ಎದ್ದು ಹೇಳುತ್ತಾರೆ. ಗೊಂದಲ ಆಗುವುದು ನಿಜ, ಮೊದಲ ಸಲ. ಅದಕ್ಕೆ ಪರಿಹಾರ ಹೆಸರು: "ಒಂದನೆಯ ಜಾಗ, ಎರಡನೆಯ ಜಾಗ" ಎನ್ನಬೇಡಿ, "ಹನುಮಂತದೇವರ ದಿನ್ನೆ", "ದರ್ಗಾದ ಬಯಲು" ಎಂದು ಮಕ್ಕಳಿಗೂ ಗೊತ್ತಿರುವ ಹೆಸರಿಡಿ. ನಿಯಮವೂ ಒಂದೇ ಸಾಲು: ಸೀರೆಯ ಪಟ್ಟಿ ಯಾವ ಜಾಗದ ಕಡೆ ಹಾರುತ್ತಿದೆಯೋ ಆ ಜಾಗಕ್ಕೆ ಹೋಗಬೇಡ, ಇನ್ನೊಂದಕ್ಕೆ ಹೋಗು.

ಹಂತ 5: ಎಚ್ಚರಿಸುವವರು ಯಾರು, ಕರೆದೊಯ್ಯುವವರು ಯಾರು

ಹತ್ತು ಮನೆಗೆ ಒಬ್ಬರಂತೆ ಜವಾಬ್ದಾರಿ ಹಂಚಿ. ಇಲ್ಲಿಯ ಸಾಮಾನ್ಯ ತಪ್ಪೆಂದರೆ ಪಟ್ಟಿಯಲ್ಲಿ ಗಟ್ಟಿಮುಟ್ಟಾದ ಯುವಕರ ಹೆಸರುಗಳನ್ನೇ ಬರೆಯುವುದು. ಅವರಲ್ಲಿ ಅರ್ಧ ಜನ ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋಗಿರುತ್ತಾರೆ, ಉಳಿದವರು ರಾತ್ರಿ ಪಾಳಿಯಲ್ಲಿ ಅದೇ ಕಾರ್ಖಾನೆಯ ಒಳಗೆ ಇರುತ್ತಾರೆ. ನಸುಕಿನ ನಾಲ್ಕು ಗಂಟೆಗೆ ಊರಿನಲ್ಲಿ ಇರುವವರು ಯಾರು ಎಂದು ನೋಡಿ ಹೆಸರು ಬರೆಯಿರಿ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮತ್ತು ಆಶಾ ಕಾರ್ಯಕರ್ತೆಯರು ಈ ಕೆಲಸಕ್ಕೆ ಹೇಳಿ ಮಾಡಿಸಿದವರು, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಮನೆಯ ಅಜ್ಜ ಎದ್ದು ನಡೆಯಲಾರ ಎಂಬುದು ಅವರ ಬಾಯಲ್ಲಿಯೇ ಇರುತ್ತದೆ.

ಸದ್ದು ಎರಡು ಬಗೆಯದಾಗಿರಲಿ. ಬರಿಯ ಕಂಪನಕ್ಕೆ ಒಂದು, ಆವಿ ಅಥವಾ ಬೆಂಕಿಗೆ ಇನ್ನೊಂದು. ಹಲಗೆಯನ್ನು ನಿಲ್ಲಿಸದೆ ಬಾರಿಸಿದರೆ ಊರು ಬಿಡಬೇಕು ಎಂಬ ಒಪ್ಪಂದ ಸುಲಭ. ಗುಡಿಯ ಮತ್ತು ಮಸೀದಿಯ ಧ್ವನಿವರ್ಧಕಗಳನ್ನು ಕರೆಂಟು ಇದ್ದರೆ, ಆವಿಯ ವಾಸನೆ ಇಲ್ಲದಿದ್ದರೆ ಮಾತ್ರ ಬಳಸಿರಿ. ಹೇಳುವ ಮಾತು ಕನ್ನಡ, ಉರ್ದು, ಲಂಬಾಣಿ, ಗಡಿಯ ಊರಾದರೆ ತೆಲುಗಿನಲ್ಲಿ ಕೂಡ ಮೊದಲೇ ಬರೆದು ಇಟ್ಟಿರಬೇಕು.

ಹಂತ 6: ಮೊದಲ ಹತ್ತು ನಿಮಿಷಗಳ ಕ್ರಮ

ನೆಲ ನಡುಗುತ್ತಿರುವಾಗ: ಸಿಮೆಂಟಿನ ಗಟ್ಟಿ ಮನೆಯಲ್ಲಿದ್ದರೆ ಮೇಜಿನ ಅಥವಾ ಮಂಚದ ಕೆಳಗೆ ತಲೆ ಕಾಯ್ದುಕೊಂಡು ಕುಳಿತಿರಿ. ಮಣ್ಣಿನ ಮಾಳಿಗೆ ಮನೆಯಲ್ಲಿ ಬಾಗಿಲು ನಾಲ್ಕು ಹೆಜ್ಜೆಯಲ್ಲಿದ್ದರೆ ಹೊರಗೆ ಬನ್ನಿ, ಇಲ್ಲದಿದ್ದರೆ ಮಂಚದ ಕೆಳಗೆ ಸೇರಿ.

ನಡುಕ ನಿಂತ ಕೂಡಲೇ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಒಲೆ ಆರಿಸಿ. ನಾನು ಖಚಿತವಾಗಿ ನಂಬುವ ಮಾತೊಂದಿದೆ: ಊರಿನ ಮೊದಲ ಬೆಂಕಿ ಕಾರ್ಖಾನೆಯಿಂದಲ್ಲ, ಯಾರದೋ ಅಡುಗೆಮನೆಯಿಂದ ಹುಟ್ಟುತ್ತದೆ, ಕಾರ್ಖಾನೆಯಿಂದ ಬಂದ ಆವಿಗೆ ಕಿಡಿಯಾಗುವುದೂ ಅದೇ. ಅನಿಲದ ವಾಸನೆ ಬಂದಿದ್ದರೆ ವಿದ್ಯುತ್ ಸ್ವಿಚ್ಚನ್ನು ಹಾಕಲೂಬೇಡಿ, ಆರಿಸಲೂಬೇಡಿ. ಎರಡರಲ್ಲಿಯೂ ಕಿಡಿ ಏಳುತ್ತದೆ.

ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು ಗಳದ ಮೇಲಿನ ಸೀರೆಯ ಪಟ್ಟಿಯನ್ನು ನೋಡಿ. ಕತ್ತಲಲ್ಲಿ ಪಟ್ಟಿ ಕಾಣದಿದ್ದರೆ ಒಂದು ಹಿಡಿ ಒಣ ಮಣ್ಣನ್ನು ತಲೆಯ ಎತ್ತರದಿಂದ ಬಿಟ್ಟು ಧೂಳು ಯಾವ ಕಡೆ ಸರಿಯುತ್ತದೆ ನೋಡಿರಿ. ವಾಸನೆ, ಟ್ಯಾಂಕಿನ ಕಡೆಯಿಂದ ಬುಸ್ಸೆನ್ನುವ ಸದ್ದು, ನೆಲ ಹಿಡಿದು ಬರುವ ಬಿಳಿ ಮಂಜು, ಕಣ್ಣುರಿ, ಕಾರ್ಖಾನೆಯ ಸೈರನ್, ಇವುಗಳಲ್ಲಿ ಒಂದು ಇದ್ದರೂ ಹಲಗೆ ಬಾರಿಸಿ ಊರು ಬಿಡಿ. ವಾಸನೆ ಮೊದಲು ಬಂದು ಆಮೇಲೆ ನಿಂತಿತೆಂದು ಸಮಾಧಾನ ಪಡಬೇಡಿ, ಮೂಗು ಬೇಗ ದಣಿಯುತ್ತದೆ.

ಆವಿ ಇರುವ ಕಡೆ ಮೋಟಾರ್ ಸೈಕಲ್, ಟಂಟಂ, ಟ್ರ್ಯಾಕ್ಟರ್ ಯಾವುದನ್ನೂ ಚಾಲೂ ಮಾಡಬೇಡಿ. ನಡೆಯಲಾರದವರನ್ನು ತಳ್ಳುಗಾಡಿಯಲ್ಲಿ ಅಥವಾ ಮಂಚದಲ್ಲಿ ಹೊತ್ತುಕೊಂಡು ಹೋಗಿ, ವಾಹನ ಸುರಕ್ಷಿತ ದೂರದಲ್ಲಿ ಕಾಯಲಿ. ದನಗಳ ಹಗ್ಗ ಬಿಚ್ಚಿ ಬಿಡಿ, ಅವುಗಳ ಹಿಂದೆ ಹೋಗಬೇಡಿ.

ಫೋನ್ ಮಾಡುವುದು ಆವಿಯಿಂದ ಹೊರಗೆ ಬಂದ ಮೇಲೆ: 112 ಅಥವಾ ಅಗ್ನಿಶಾಮಕಕ್ಕೆ 101, ಆಂಬುಲೆನ್ಸಿಗೆ 108, ಜಿಲ್ಲಾ ನಿಯಂತ್ರಣ ಕೊಠಡಿಗೆ 1077. ಮನೆಯ ಸಿಲಿಂಡರಿನ ಸೋರಿಕೆಗೆ 1906. ಊರು, ಟ್ಯಾಂಕಿನ ಇಂಧನ, ಕಂಡ ಗುರುತು, ಗಾಳಿ ಯಾವ ಕಡೆಗೆ, ಯಾವ ರಸ್ತೆಯಿಂದ ಬರಬೇಕು ಎಂಬ ಐದು ಮಾತು ಸಾಕು. ಕೊನೆಯ ಮಾತನ್ನು ಹೇಳದಿದ್ದರೆ ವಾಹನ ಆವಿಯ ನಡುವಿನಿಂದಲೇ ಬರಬಹುದು.

ಹಂತ 7: ದೂರದಲ್ಲಿ ನಿಂತ ಮೇಲಿನ ಎಚ್ಚರ

ಬೆಂಕಿ ಬೀಳದಿದ್ದರೆ ಜನ ಹದಿನೈದು ನಿಮಿಷದಲ್ಲಿ ಬೇಸತ್ತು ಮರಳುತ್ತಾರೆ; ಬಿದ್ದರೆ ನೋಡಲು ಹತ್ತಿರ ಹೋಗುತ್ತಾರೆ. ಎರಡೂ ಒಂದೇ ಬಗೆಯ ತಪ್ಪು. 2009ರ ಅಕ್ಟೋಬರ್ 29ರಂದು ಜೈಪುರದ ತೈಲ ಸಂಗ್ರಹಾಗಾರದಲ್ಲಿ ಪೆಟ್ರೋಲ್ ಒಂದು ಗಂಟೆಗೂ ಹೆಚ್ಚು ಹೊತ್ತು ಸೋರಿ, ಆವಿ ಹರಡಿದ ಮೇಲೆ ಸ್ಫೋಟವಾಯಿತು. ಅಲ್ಲಿ ಭೂಕಂಪವಿರಲಿಲ್ಲ, ಆದರೆ ಆವಿ ನಡೆದುಕೊಂಡ ರೀತಿ ಎಲ್ಲಿಯೂ ಅದೇ. ಸೋರಿಕೆಗೂ ಸ್ಫೋಟಕ್ಕೂ ನಡುವಿನ ಆ ಮೌನವೇ ಊರಿಗೆ ಸಿಗುವ ಸಮಯ.

ಎಲ್‌ಪಿಜಿ ಟ್ಯಾಂಕಿನ ಸುತ್ತ ಉರಿ ಇದ್ದು, ಅದರ ಸುರಕ್ಷತಾ ವಾಲ್ವಿನ ಸೀಟಿ ಏರುತ್ತಾ ಹೋದರೆ ಅಥವಾ ಟ್ಯಾಂಕಿನ ಬಣ್ಣ ಬದಲಾದರೆ ಅದು ಒಡೆಯುವ ಸೂಚನೆ. ಆಗ 1,600 ಮೀಟರಿಗಿಂತ ಒಳಗೆ ಯಾರೂ ಇರಬಾರದು. ಎಣ್ಣೆಯ ಬೆಂಕಿಗೆ ಕೊಡದಿಂದ ನೀರು ಹಾಕಲು ಹೋಗಬೇಡಿ. ಸೇರಿದ ಜಾಗದಲ್ಲಿ ಚಳಿ ಕಾಯಿಸಲು ಬೆಂಕಿ, ಚಹಾಕ್ಕೆ ಒಲೆ, ಬೀಡಿ ಯಾವುದೂ ಬೇಡ. ಚಳಿಗಾಲದಲ್ಲಿ ಇದನ್ನು ಪಾಲಿಸುವುದು ಕಷ್ಟ, ಆದ್ದರಿಂದ ಕಂಬಳಿಗಳನ್ನು ಮೊದಲೇ ಅಲ್ಲಿಗೆ ಹತ್ತಿರದ ಯಾರದಾದರೂ ಮನೆಯಲ್ಲಿ ಇಟ್ಟಿರಿ.

ಹಂತ 8: ಕತ್ತಲಲ್ಲಿ ಒಮ್ಮೆ ಮಾಡಿ ನೋಡಿ

1989ರ ನಿಯಮಗಳ ಪ್ರಕಾರ ಕಾರ್ಖಾನೆಯ ಒಳಗಿನ ಅಣಕು ಕಾರ್ಯಾಚರಣೆ ಆರು ತಿಂಗಳಿಗೊಮ್ಮೆ, ಹೊರ ಪ್ರದೇಶದ ಯೋಜನೆಯದು ವರ್ಷಕ್ಕೆ ಒಮ್ಮೆಯಾದರೂ ಆಗಬೇಕು. ಈ ಎರಡನೆಯದರಲ್ಲಿ ಊರನ್ನೂ ಸೇರಿಸಿ ಎಂದು ಪತ್ರ ಕೊಡಿ. ಆದರೆ ಊರಿನ ಸ್ವಂತ ಕಾರ್ಯಾಚರಣೆ ಬೇರೆಯೇ ಇರಲಿ: ಒಂದು ಹಗಲು, ಒಂದು ನಸುಕಿನ ನಾಲ್ಕಕ್ಕೆ.

ನಾನು ನೋಡಿದ ಒಂದು ಹಗಲಿನ ಕಾರ್ಯಾಚರಣೆಯಲ್ಲಿ ಎಲ್ಲರೂ ಹನ್ನೊಂದು ನಿಮಿಷಕ್ಕೆ ಮೈದಾನಕ್ಕೆ ಬಂದು ಚಪ್ಪಾಳೆ ಹೊಡೆದರು. ಹಿಂದಿನ ಓಣಿಯ ಒಬ್ಬ ಅವ್ವ ಮಾತ್ರ ಬರಲಿಲ್ಲ. ಹೋಗಿ ನೋಡಿದರೆ ಕಟ್ಟೆಯ ಮೇಲೆ ಕುಳಿತಿದ್ದರು. "ಯವ್ವಾ, ಯಾಕ ಬರಲಿಲ್ಲ?" ಎಂದರೆ, "ಗಾಳಿ ಆ ಕಡಿಗೇ ಹೊಂಟೈತಲ್ಲೋ ಯಪ್ಪಾ, ಫ್ಯಾಕ್ಟರಿ ವಾಸನಿ ದಿನಾ ಸಾಲಿ ಕಡಿಗೇ ಹೋಗ್ತದ" ಎಂದರು. ಆ ಊರಿನ ಯೋಜನೆಯಲ್ಲಿ ಎರಡನೆಯ ಜಾಗ ಸೇರಿದ್ದು ಅಂದು ಸಂಜೆ.

ಅಳೆಯಬೇಕಾದದ್ದು ಮೊದಲು ಬಂದವರ ಸಮಯವನ್ನಲ್ಲ, ಕೊನೆಯವರ ಸಮಯವನ್ನು. ಯಾರು ಬರಲಿಲ್ಲ, ಯಾಕೆ, ಯಾವ ಬಾಗಿಲು ಹೊರಗಿನಿಂದ ಬೀಗ ಹಾಕಿತ್ತು, ಯಾರಿಗೆ ಸದ್ದು ಕೇಳಲಿಲ್ಲ ಎಂಬುದನ್ನು ಆ ದಿನವೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅಧಿಕಾರಿಗಳು ಬಂದಾಗ ಫೋಟೋಕ್ಕೆ ಮಾಡುವ ಕಾರ್ಯಾಚರಣೆಯನ್ನು ಈ ಲೆಕ್ಕದಲ್ಲಿ ಹಿಡಿಯಬೇಡಿ.

ಹಂತ 9: ಮರಳುವಾಗ ಮತ್ತು ನಂತರ

ಅಗ್ನಿಶಾಮಕ ಅಧಿಕಾರಿ ಅಥವಾ ತಹಶೀಲ್ದಾರರು ಹೇಳಿದ ಮೇಲೆಯೇ ಮರಳಬೇಕು. "ಈಗ ವಾಸನೆ ಇಲ್ಲ" ಎಂಬ ಯಾರದೋ ಮಾತಿಗೆ ಅಲ್ಲ. ಮನೆಗೆ ಬಂದ ಮೇಲೆ ಬಾಗಿಲು ಕಿಟಕಿ ತೆರೆದಿಟ್ಟು, ನಂತರ ದೀಪ. ಬಿರುಕು ಬಿಟ್ಟ ಮಾಳಿಗೆಯ ಕೆಳಗೆ ಮಲಗಬೇಡಿ. ಬಾವಿ ಮತ್ತು ಬೋರಿನ ನೀರಿನ ಮೇಲೆ ಎಣ್ಣೆಯ ಬಣ್ಣದ ಪೊರೆ ಅಥವಾ ವಾಸನೆ ಇದ್ದರೆ ಜನರಿಗೂ ದನಗಳಿಗೂ ಕೊಡದೆ, ಪರೀಕ್ಷೆಗೆ ಕೊಡಲು ಪಂಚಾಯಿತಿಗೆ ತಿಳಿಸಿ. ಪಾಳು ಬಾವಿಯೊಳಗೆ ಏನಾಗಿದೆ ಎಂದು ಇಣುಕಲು ಯಾರನ್ನೂ ಇಳಿಸಬೇಡಿ, ಆವಿ ಅಲ್ಲಿ ದಿನಗಟ್ಟಲೆ ಉಳಿಯುತ್ತದೆ.

ಇನ್ನು ಉಳಿದದ್ದು ಗಳಗಳ ಮೇಲಿನ ಪಟ್ಟಿ. ನಮ್ಮ ಬೇಸಿಗೆಯ ಬಿಸಿಲಿಗೆ ಅದು ಎರಡೇ ತಿಂಗಳಲ್ಲಿ ಪುಡಿಯಾಗಿ ಉದುರುತ್ತದೆ. ಯುಗಾದಿಗೆ ಒಮ್ಮೆ, ಮುಂಗಾರು ಶುರುವಾದಾಗ ಒಮ್ಮೆ, ದೀಪಾವಳಿಗೆ ಒಮ್ಮೆ ಹೊಸದನ್ನು ಕಟ್ಟಿ, ಕಟ್ಟಿದ ತಾರೀಖನ್ನು ಗಳದ ಬುಡದಲ್ಲಿ ಬಣ್ಣದಿಂದ ಬರೆಯಿರಿ.